ತಿಳೀತ್ರಿ ಎನ್ನದ ಕ್ಲಾಸು

ಬಸವನ ಬಾಗೇವಾಡಿಯ ಕಾಲೇಜು ಹುಡುಗರಿಗೆ ಮರ್ಯಾದೆ ತುಸು ಜಾಸ್ತಿಯೇ. ಪಾಠ ಮಾಡಿದವರು ‘ತಿಳೀತೇನು?’ ಎಂದು ಕೇಳಿದರೆ ಸಾಕು, ಇಡೀ ಕ್ಲಾಸು ಒಂದೇ ದನಿಯಲ್ಲಿ ‘ತಿಳೀತ್ರಿ’ ಎಂದುಬಿಡುತ್ತದೆ. ತಿಳಿದಿರಬೇಕೆಂದೇನೂ ಇಲ್ಲ. ಅಷ್ಟು ಹೊತ್ತು ಗಂಟಲು ಹರಿದುಕೊಂಡವರ ಮುಖಕ್ಕೆ ಹೊಡೆದ ಹಾಗೆ ‘ತಿಳೀಲಿಲ್ಲ’ ಎನ್ನುವುದು ಹೇಗೆ? ಪಾಪ, ಅವರಿಗೂ ಮಾನ ಅನ್ನೋದು ಇರುತ್ತದಲ್ಲ!

ತಂಗಡಗಿಯ ಭಾಗ್ಯಜ್ಯೋತಿ ಈ ತಿಳೀತ್ರಿಯನ್ನು ನಂಬಿಕೊಂಡೇ ಅಲ್ಲಿ ವರ್ಷಗಟ್ಟಲೆ ಇಂಗ್ಲಿಷ್ ಕಲಿಸಿದ್ದಳು. ಹಂಗಾಮಿ ಕೆಲಸ. ಪ್ರತಿ ಜೂನ್ ಬಂದಾಗಲೂ ಈ ಸಲ ಕರೆಯುತ್ತಾರೋ ಇಲ್ಲವೋ ಎಂಬ ಎದೆಬಡಿತ. ಎರಡು ಸಾವಿರದ ಒಂದರಲ್ಲಿ ಕಡೆಗೂ ಒಂದು ಕಾಯಂ ಹುದ್ದೆ ಬಂತು. ಆಯ್ಕೆಗೆ ಡೆಮೊ ಪಾಠ. ಎದುರಾಳಿ ಸಂಗಮೇಶ, ಕಾಲೇಜಿನ ಅಧ್ಯಕ್ಷ ಚನ್ನಬಸಯ್ಯನವರ ಅಕ್ಕನ ಮಗ. ಅವನು ಕಾಯಂ ಆದರೆ ಭಾಗ್ಯಜ್ಯೋತಿ ಗಂಟುಮೂಟೆ ಕಟ್ಟಬೇಕು. ಇದು ಊರಿಗೆಲ್ಲ ಗೊತ್ತಿತ್ತು.

ಸಂಗಮೇಶ ಬೆಳಿಗ್ಗೆಯೇ ಪಾಠ ಮುಗಿಸಿದ್ದ. ಕ್ಲಾಸು ಸೂರು ಹಾರುವಂತೆ ‘ತಿಳೀತ್ರಿ’ ಎಂದಿತ್ತು. ಚನ್ನಬಸಯ್ಯನವರು ಮೀಸೆಯಡಿ ನಗುತ್ತ ಕೂತಿದ್ದರು. ಇನ್ನೇನು, ಆರ್ಡರಿಗೆ ಸಹಿ ಬೀಳುವುದೊಂದು ಬಾಕಿ!

ಧಾರವಾಡದಿಂದ ಬಂದಿದ್ದ ತಜ್ಞ ಗುರಲಿಂಗಪ್ಪನವರು ಭಾಗ್ಯಜ್ಯೋತಿಗೆ ಕೊಟ್ಟ ವಿಷಯ ಇಂಗ್ಲಿಷಿನ ‘ಗಿವ್ ಅಪ್’ ಎಂಬ ಮಾತು. ಅದರ ಹುಟ್ಟು, ಬೆಳವಣಿಗೆ, ಬಳಕೆ. ಅವಳು ಹೆದರಿಕೆಯಲ್ಲಿ ಪುಸ್ತಕದ ಇಂಗ್ಲಿಷನ್ನೇ ಗಡಗಡ ಒಪ್ಪಿಸಿದಳು. “ತಿಳೀತೇನು?”

“ತಿಳೀತ್ರಿ!”

ಗುರಲಿಂಗಪ್ಪನವರು ಕನ್ನಡಕ ತೆಗೆದು, ಮುಂದಿನ ಬೆಂಚಿನ ಭೀಮುವನ್ನು ಎಬ್ಬಿಸಿದರು. “ಏನ್ ತಿಳೀತಪಾ, ಹೇಳು.”

ಭೀಮು ಫ್ಯಾನು ನೋಡಿದ, ಕಿಟಕಿ ನೋಡಿದ, ಕಡೆಗೆ ತನ್ನ ಕಾಲು ನೋಡಿಕೊಂಡ. ಚನ್ನಬಸಯ್ಯನವರು ಕಿಸಕ್ಕನೆ ನಕ್ಕರು. ಭಾಗ್ಯಜ್ಯೋತಿಯ ಮುಖ ಕೆಂಪಾಯಿತು. ಮೊದಲು ನಾಚಿಕೆಗೆ, ಆಮೇಲೆ ಸಿಟ್ಟಿಗೆ. ಇಷ್ಟು ವರ್ಷ ಇವರು ನನ್ನ ಮಾನ ಕಾಯ್ದರೇ ಹೊರತು ಪಾಠ ಕಲಿಯಲಿಲ್ಲ ಎಂದು ಅವಳಿಗೆ ಹೊಳೆದದ್ದೇ ಆಗ. ಪುಸ್ತಕವನ್ನು ಟೇಬಲ್ಲಿನ ಮೇಲೆ ದಪ್ಪನೆ ಒಗೆದಳು.

“ಇನ್ನ ಯಾರರ ತಿಳೀತ್ರಿ ಅಂದೀರಿ ಅಂದ್ರ ಹೊರಗ ನಿಂದರಸ್ತೇನಿ! ನನ್ನ ಮರ್ಯಾದಿ ನಾ ನೋಡ್ಕೋತೇನಿ. ತಿಳೀಲಿಲ್ಲಂದ್ರ ತಿಳೀಲಿಲ್ಲ ಅನ್ರಿ.”

ಅವಳು ಊರ ಕನ್ನಡದಲ್ಲೇ ಮತ್ತೆ ಶುರುಮಾಡಿದಳು. “ಹನ್ನೆರಡನೇ ಶತಮಾನದಾಗ ಇಂಗ್ಲೆಂಡಿನ ಸರದಾರರು ತಮ್ಮ ಕೋಟಿ-ಕಿಲ್ಲೆ ವೈರಿಗೆ ಒಪ್ಪಿಸಿಕೊಟ್ರ ಅದಕ್ಕ ಗಿವ್ ಅಪ್ ಅಂತಿದ್ರು.”

“ನಮ್ಮ ಬಸವಣ್ಣನವರ ಕಾಲಕ್ಕೇನ್ರಿ?” ಹಿಂದಿನಿಂದ ಯಾರೋ ಬಾಯಿಬಿಟ್ಟರು.

“ಅದೇ ಕಾಲಕ್ಕ. ಮುಂದ ಡಾಕ್ಟರು ರೋಗಿ ಉಳಿಯೂದಿಲ್ಲಂತ ಕೈಬಿಟ್ರೂ ಗಿವ್ ಅಪ್. ಇವತ್ತ ತಂಬಾಕ ಬಿಟ್ರೂ ಗಿವ್ ಅಪ್.”

ಭೀಮು ತಟ್ಟನೆ ಎದ್ದ. “ನಮ್ಮ ಮುತ್ಯಾನ್ನ ಸೋಲಾಪುರದಾಗ ಡಾಕ್ಟರು ಹಂಗ ಕೈಬಿಟ್ಟಿದ್ರರೀ. ಮುದುಕ ಇನ್ನೂ ತಂಬಾಕ ಬಿಟ್ಟಿಲ್ಲ!” ಕ್ಲಾಸು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಗುರಲಿಂಗಪ್ಪನವರೂ ನಕ್ಕರು.

ಆಗ ಮೆಹರಾಜ ಎಂಬ ಹುಡುಗಿ ಎದ್ದು ನಿಂತಳು. ಅಟೆಂಡೆನ್ಸ್ ಕರೆದಾಗಲೂ ದನಿ ಕೇಳಿಸದ ಹುಡುಗಿ. ಸೆರಗು ಬೆರಳಿಗೆ ಸುತ್ತಿಕೊಂಡು ಹೇಳಿದಳು, “ನನಗ ತಿಳೀಲಿಲ್ರಿ ಮೇಡಂ.”

ಭಾಗ್ಯಜ್ಯೋತಿಗೆ ಆ ಮಾತು ಕೇಳಿ ಎಷ್ಟು ಖುಷಿಯಾಯಿತೆಂದರೆ, ಓಡಿಹೋಗಿ ಅವಳನ್ನು ಅಪ್ಪಿಕೊಳ್ಳಬೇಕೆನಿಸಿತು. “ಏನ್ ತಿಳೀಲಿಲ್ಲ, ಹೇಳವಾ.”

“ಕೋಟಿ ಕೊಟ್ಟಾಂವ ಸೋತಾಂವ. ತಂಬಾಕ ಬಿಟ್ಟಾಂವ ಗೆದ್ದಾಂವ. ಇಬ್ಬರಿಗೂ ಒಂದ ಮಾತು ಹೆಂಗ ಬಂತ್ರಿ?”

ಗುರಲಿಂಗಪ್ಪನವರು ಕುರ್ಚಿಯಲ್ಲಿ ಮುಂದಕ್ಕೆ ಸರಿದರು. ಭಾಗ್ಯಜ್ಯೋತಿ ಸೀಮೆಸುಣ್ಣ ಕೆಳಗಿಟ್ಟಳು. ಇದು ಅವಳ ಪುಸ್ತಕದಲ್ಲಿ ಇರಲಿಲ್ಲ.

“ಮೊದಲ ಆ ಮಾತಿನಾಗ ಸೋಲೂ ಇರಲಿಲ್ಲ, ಗೆಲುವೂ ಇರಲಿಲ್ಲ. ನನ್ನ ಕೈಯಾಗಿಂದು ನಿನ್ನ ಕೈಗೆ ಕೊಡೂದು, ಅಷ್ಟ. ಕೊಡಾಂವ ಒಬ್ಬ, ತಗೊಳ್ಳಾಂವ ಒಬ್ಬ, ನಡುವ ಒಂದು ಕೋಟಿ. ತಂಬಾಕ ಬಿಡಾಂವ ಯಾರ ಕೈಗೆ ಕೊಡ್ತಾನ? ಯಾರಿಗೂ ಇಲ್ಲ. ತಗೊಳ್ಳಾಂವ ಮಾತಿನಿಂದ ಹೊರಗ ಹೋದ. ಮುಂದ ಕೊಡೂ ವಸ್ತುನೂ ಹೋತು. ಈಗ ಯಾರರ ಬರೇ ಗಿವ್ ಅಪ್ ಅಂದ್ರ, ಕೈಚೆಲ್ಲಿ ಕುಂತ ಮನಷ್ಯಾ ಒಬ್ಬನ ಉಳದಾನ.”

“ಹಂಗಾದ್ರ ಡಾಕ್ಟರು ಕೋಟಿ ಕೊಟ್ಟಾಂವಗೂ ಕೈಚೆಲ್ಲಿ ಕುಂತಾಂವಗೂ ನಡುವಿನಾಂವ ಏನ್ರಿ?” ಭೀಮು ಕೇಳಿದ. ಮೊದಲು ಉತ್ತರ ಬಾರದೆ ಕಾಲು ನೋಡಿಕೊಂಡವನು!

“ಶಾಬಾಸ್! ರೋಗಿ ಅದಾನ, ತಗೊಳ್ಳಾಂವ ಇಲ್ಲ.”

ಆಮೇಲೆ ಕೇಳಬೇಕೆ? ಕಟ್ಟೆ ಒಡೆದ ಹಾಗೆ ಪ್ರಶ್ನೆ. ಸೋತ ಪೈಲ್ವಾನನಿಗೆ ಅನ್ನಬಹುದೇ, ಬಸ್ಸಿನಲ್ಲಿ ಮುದುಕಿಗೆ ಸೀಟು ಬಿಟ್ಟರೆ ಅನ್ನಬಹುದೇ ಎಂದು ಒಬ್ಬರ ಮೇಲೊಬ್ಬರು ಎದ್ದರು. ಸೀಟು ಬಿಟ್ಟರೂ ಅನ್ನುತ್ತಾರೆ, ಅದೇ ಹಳೆಯ ಅರ್ಥ ಎಂದು ಅವಳು ಹೇಳಿದಾಗ ಬೆಂಚು ಬಡಿದರು. ಚನ್ನಬಸಯ್ಯನವರು ಗಡಿಯಾರ ತೋರಿಸಿ, “ಸಾಕ್ರೀ, ಟೈಮ್ ಆತು,” ಎಂದರು.

“ನಿಂದರ್ರಿ ಅಧ್ಯಕ್ಷರ, ನಾನೂ ಕೇಳಾಕತ್ತೇನಿ,” ಎಂದು ಗುರಲಿಂಗಪ್ಪನವರು ಅವರ ಬಾಯಿ ಮುಚ್ಚಿಸಿದರು.

ಪಾಠ ಮುಗಿದ ಮೇಲೆ ಅಧ್ಯಕ್ಷರ ಕೋಣೆಯಲ್ಲಿ ಗುರಲಿಂಗಪ್ಪನವರು ಖಡಾಖಂಡಿತವಾಗಿ ಹೇಳಿದರು. “ಮುಂಜಾನಿ ಪಾಠದಾಗ ಹುಡುಗರು ಹೂಂ ಅಂದ್ರು, ಈ ಪಾಠದಾಗ ಕಲ್ತ್ರು. ಭಾಗ್ಯಜ್ಯೋತಿ ಬಿಟ್ಟು ಬ್ಯಾರೇದವರಿಗೆ ನಾ ಸಹಿ ಮಾಡೂದಿಲ್ಲ.”

ಚನ್ನಬಸಯ್ಯನವರು ಹುಳ್ಳಗೆ ನಕ್ಕು, ಬಾಗಿಲ ಬಳಿ ನಿಂತಿದ್ದ ಭಾಗ್ಯಜ್ಯೋತಿಯ ಕಡೆ ತಿರುಗಿದರು. “ಆತು ಬಿಡವಾ. ಆರ್ಡರ್ ನಾಳೆ ಒಯ್ಯುವಿಯಂತ.”

ನಾಳೆ ಎಂದರೆ ಏನೆಂದು ಅವಳಿಗೆ ಗೊತ್ತಿತ್ತು. ಗುರಲಿಂಗಪ್ಪನವರು ಧಾರವಾಡದ ಬಸ್ಸು ಹತ್ತಿದ ಮೇಲೆ ಆ ನಾಳೆ ಎಂದೂ ಬರುತ್ತಿರಲಿಲ್ಲ. ಭಾಗ್ಯಜ್ಯೋತಿ ಅಧ್ಯಕ್ಷರ ಎದುರಿನ ಕುರ್ಚಿ ಎಳೆದುಕೊಂಡು ಕೂತಳು. ಆ ಕೋಣೆಯಲ್ಲಿ ಅವಳು ಕೂತದ್ದು ಅದೇ ಮೊದಲು.

“ಇವತ್ತ ಬರೀರಿ. ಅಲ್ಲೀತನಕ ನಾ ಏಳೂದಿಲ್ರಿ.”

ಚನ್ನಬಸಯ್ಯನವರು ಗುರಲಿಂಗಪ್ಪನವರ ಮುಖ ನೋಡಿದರು. ಅವರು ಚೀಲ ಕೆಳಗಿಟ್ಟು, ಆರಾಮಾಗಿ ಇನ್ನೊಂದು ಚಹಾ ಹೇಳಿದರು. ಬೇರೆ ದಾರಿ ಕಾಣದೆ ಅಧ್ಯಕ್ಷರು ಟೈಪಿಸ್ಟನನ್ನು ಕೂಗಿದರು.