ಮಹಾದೇವಕ್ಕನ ಒಂದು ಕೊಡ ನೀರು

ಪಾಳಾದಿಂದ ಚಿಗಳ್ಳಿ ಕಡೆಗೆ ಹೋಗುವ ದಾರಿಯಲ್ಲಿ ಕರಿಬಸಪ್ಪನ ಅಕ್ಕಿ ಗಿರಣಿ ಇದೆ. ಆ ಗಿರಣಿಯಲ್ಲಿ ಲಾಯಕ್ಕಾದ ವಸ್ತು ಒಂದೇ ಒಂದಿತ್ತು. ಕರೆಂಟಿನ ತಪಾಸಣೆಗೆ ಬಂದ ನೀಲಂಗೆ ತಲೆ ಕೆಟ್ಟದ್ದೂ ಅದರಿಂದಲೇ.

ಹಿತ್ತಲಿನ ಅರ್ಥಿಂಗ್ ಗುಂಡಿ ಅದು. ಯಂತ್ರದ ಮೈಗೆ ಕರೆಂಟು ಸೋರಿದರೆ ಅದು ಮನುಷ್ಯರ ಮೈಯಲ್ಲಿ ಹಾಯದಂತೆ ತಂತಿಯೊಂದು ಹಿಡಿದು ತಂದು ನೆಲಕ್ಕೆ ಇಳಿಸಬೇಕಾದ ಜಾಗ. ನೀಲಂ ಎರಡು ಕಬ್ಬಿಣದ ಗೂಟ ಬಡಿದು, ತಂತಿ ಎಳೆದು, ಮೀಟರಿನ ಬಟನ್ ಒತ್ತಿದಳು. ಒಂದೂವರೆ ಓಮ್ ಎಂದು ತೋರಿಸಿತು. ಐದಕ್ಕಿಂತ ಕಡಿಮೆ ಬಂದರೆ ಅವಳ ಕಂಪನಿಯಲ್ಲಿ ಬೆನ್ನು ತಟ್ಟುತ್ತಾರೆ. ಆಸ್ಪತ್ರೆ, ಹಾಸ್ಟೆಲು, ಕಾರ್ಖಾನೆ ಎಂದು ನಾಲ್ಕು ವರ್ಷ ಊರೂರು ಅಲೆದು ಇದೇ ಅಳತೆಯ ಕೆಲಸ ಮಾಡಿದವಳು ಒಂದೂವರೆಯನ್ನು ಕಂಡದ್ದು ಅಂಬಿಕಾನಗರದ ವಿದ್ಯುತ್ ಕೇಂದ್ರದಲ್ಲಿ ಅಪ್ರೆಂಟಿಸ್ ಆಗಿದ್ದಾಗ ಮಾತ್ರ.

"ಎಷ್ಟು ಬಂತವ್ವಾ?" ಎಂದು ಕೇಳಿದವಳು ಮಹಾದೇವಕ್ಕ, ಕರಿಬಸಪ್ಪನ ತಾಯಿ. ಕಂಕುಳಲ್ಲಿ ತಾಮ್ರದ ಖಾಲಿ ಕೊಡ.

"ಭಾಳ ಛಲೋ ಬಂದೈತ್ರಿ, ಅವ್ವಾರ."

"ಬರದ ಏನ್ಮಾಡ್ತೈತಿ? ಹನ್ನೊಂದು ವರ್ಷ ಆತು. ದಿನಾ ಒಂದು ಕೊಡ ನೀರು ಹಾಕ್ರಿ, ಗಿರಣಿ ಮಂದಿ ಜೀವಕ್ಕ ಛಲೋ ಅಂತ ನಮ್ಮ ವೈರಿಂಗ್ ಸಿದ್ದಲಿಂಗ ಹೇಳಿದ್ದ. ಒಂದು ದಿನ ತಪ್ಪಿಸಿಲ್ಲ ನಾ. ಮಳಿ ಬಂದ್ರೂ ಹಾಕೀನಿ."

ಗುಂಡಿಯಿಂದ ಮೇಲೆದ್ದ ಪೈಪಿಗೆ ಮೂರು ಬೆರಳಿನ ವಿಭೂತಿ ಬಳಿದಿತ್ತು, ಬುಡದಲ್ಲಿ ಎರಡು ಕಣಗಿಲೆ ಹೂ. ನೀಲಂಗೆ ನಗು ಬಂತು. ಆ ದಿನದ ಮಟ್ಟಿಗೆ ಅದೇ ಕೊನೆಯ ನಗು.

ಒಳಗೆ ಬಂದು ಯಂತ್ರಗಳಿಂದ ಗುಂಡಿಯವರೆಗೆ ತಂತಿ ಸರಿಯಾಗಿದೆಯೇ ಎಂದು ನೋಡಿದಳು. ಮೀಟರು ಏನನ್ನೂ ತೋರಿಸಲಿಲ್ಲ. ಮತ್ತೆ ನೋಡಿದಳು. ಬೇರೆ ಯಂತ್ರ ಹಿಡಿದಳು, ತನ್ನ ತಂತಿಯನ್ನೇ ಅನುಮಾನಿಸಿ ಅದನ್ನೂ ಪರೀಕ್ಷಿಸಿದಳು. ಎಲ್ಲ ಸರಿಯಿತ್ತು, ಗಿರಣಿಗೂ ಗುಂಡಿಗೂ ಮಾತ್ರ ಸಂಬಂಧವೇ ಇರಲಿಲ್ಲ. ಹೋದ ಬೇಸಿಗೆಯಲ್ಲಿ ಭತ್ತ ಕುದಿಸುವ ಜಾಗಕ್ಕೆ ಹೊಸ ಸಿಮೆಂಟು ಹಾಕಿದ್ದರಂತೆ. ಯಂತ್ರಗಳಿಂದ ಗುಂಡಿಗೆ ಹೋಗುತ್ತಿದ್ದ ಕಬ್ಬಿಣದ ಪಟ್ಟಿ ಅಡ್ಡ ಬಂತೆಂದು ಗೌಂಡಿ ಕತ್ತರಿಸಿ ಒಗೆದಿದ್ದ. ಅದು ಏನು, ಯಾತಕ್ಕೆ ಎಂದು ಅವನೂ ಕೇಳಲಿಲ್ಲ, ಯಾರೂ ಹೇಳಲಿಲ್ಲ.

ಆಮೇಲೆ ಪ್ಯಾನೆಲ್ಲಿನ ಬಾಗಿಲು ತೆಗೆದಳು. ಕರೆಂಟು ಸೋರಿದರೆ ತಾನೇ ಬೀಳಬೇಕಾದ ಟ್ರಿಪ್ ಸ್ವಿಚ್ಚು ಹೊಸದಾಗಿ ಹೊಳೆಯುತ್ತಿತ್ತು. ಅದರ ತಲೆಯ ಮೇಲಿಂದ ಒಂದು ಕೆಂಪು ವೈರು ಹಾರಿಸಿ, ಕರೆಂಟು ಅದನ್ನು ಮುಟ್ಟದೆಯೇ ಹೋಗುವ ಹಾಗೆ ಮಾಡಿಟ್ಟಿದ್ದರು.

"ಇದೇನ್ರಿ ಸಿದ್ದಲಿಂಗಣ್ಣಾ?"

ಗಿರಣಿಯ ಮೋಟಾರು, ವೈರಿಂಗು ಎಲ್ಲ ನೋಡಿಕೊಳ್ಳುವ ಸಿದ್ದಲಿಂಗ ಬಾಯಲ್ಲಿದ್ದ ಎಲೆಯಡಿಕೆಯನ್ನು ಒಂದು ಪಕ್ಕಕ್ಕೆ ಸರಿಸಿದ. "ಕಾಟ ರೀ ಅದರದ್ದು. ಹದಿನೈದು ದಿನದ ಹಿಂದ ಈ ಸುಗ್ಗಿಗೆ ಮೊದಲ ಸಲ ಭತ್ತ ಕುದಿಸಿದ್ವಿ. ಅವತ್ತ ಏಳು ಸಲ ಬಿತ್ತು ಮುಂಜಾನಿಂದ ಮಧ್ಯಾಹ್ನತನಕ. ಹೆಂಗ ಕೆಲಸ ಮಾಡೂದು? ಸ್ವಿಚ್ಚು ಡಿಫೆಕ್ಟ್ ಐತಿ."

"ನೆಲ ಒದ್ದಿ ಇದ್ದಾಗ ಮಾತ್ರ ಬಿತ್ತೇನು?"

"ಹೂಂ. ಒಣಾ ಇದ್ದಾಗ ಶಾಣ್ಯಾ ಹುಡುಗನಂಗ ಇತ್ತು."

ನೀಲಂ ಪ್ಯಾನೆಲ್ಲಿನ ಬಾಗಿಲು ಹಾಗೇ ಬಿಟ್ಟಳು. ಭತ್ತವನ್ನು ಮೇಲಕ್ಕೆ ಎತ್ತುವ ಎಲಿವೇಟರಿನ ಹತ್ತಿರ ಹೋಗಿ ಅದರ ಕಬ್ಬಿಣಕ್ಕೆ ಟೆಸ್ಟರು ಹಚ್ಚಿದಳು. ದೀಪ ಹತ್ತಿತು. ಈ ಮಳೆಗಾಲದಲ್ಲಿ ಹಂಚು ಸೋರಿ ಅದರ ಮೋಟಾರಿನ ಮೇಲೆ ನೀರು ಬಿದ್ದಿದ್ದು ಗಿರಣಿಗೆಲ್ಲ ಗೊತ್ತಿತ್ತು.

ಎಲಿವೇಟರಿನ ಬುಡದಲ್ಲಿ, ಗೋಣಿಚೀಲದ ಮೇಲೆ ಬರಿಗಾಲಲ್ಲಿ ನಿಂತು ಭತ್ತ ಸುರಿಯುತ್ತಿದ್ದವಳು ಮಾರ್ಗರೀಟಾ, ನೀಲಂಳ ತಾಯಿ. ಇಪ್ಪತ್ತು ವರ್ಷದಿಂದ ಅವಳ ಜಾಗ ಅದೇ. ಗಿರಣಿಯ ಒಳಗೆ ಯಾರೂ ಚಪ್ಪಲಿ ಹಾಕುವಂತಿಲ್ಲ. ಕಾಲಡಿಗೆ ಭತ್ತ ಬೀಳುತ್ತದೆ, ಭತ್ತ ಅಂದರೆ ಲಕ್ಷ್ಮಿ. ಇಗರ್ಜಿಗೆ ಹೋಗುವ ಮಾರ್ಗರೀಟಾ ಕೂಡ ಚಪ್ಪಲಿಯನ್ನು ಹೊಸ್ತಿಲಾಚೆ ಬಿಟ್ಟೇ ಬರುತ್ತಿದ್ದಳು. ಅನ್ನ ತುಳಿಯಬಾರದು ಅನ್ನುವುದಕ್ಕೆ ಜಾತಿಯೇನು, ದೇವರೇನು?

"ಆಯೀ, ಈ ಕಬ್ಬಿಣ ಮುಟ್ಟಿದ್ರ ಏನರ ಆಗ್ತೈತೇನು?"

"ಜುಮ್ ಅಂತೈತಿ." ಮಾರ್ಗರೀಟಾ ನಕ್ಕಳು. "ಹದಿನೈದು ದಿನ ಆತು, ನನ್ನ ಮಣಿಕಟ್ಟಿನ ನೋವು ಹೋಗೇ ಬಿಟ್ಟೈತಿ ನೋಡು. ಎಲ್ಲಾ ಹೆಂಗಸ್ರೂ ಮುಟ್ಟಿ ಹೋಗ್ತಾರ. ಮುಂಡಗೋಡದಾಗ ಡಾಕ್ಟರು ಕರೆಂಟ್ ಕೊಡಾಕ ರೊಕ್ಕ ತಗೋತಾರ. ಇಲ್ಲಿ ಪುಕ್ಕಟ."

ನೀಲಂಗೆ ಅಳಬೇಕೋ ಕೂಗಬೇಕೋ ತಿಳಿಯಲಿಲ್ಲ. ಗೋಣಿ ಒಣಗಿದೆ, ಅದಕ್ಕೇ ಬರೀ ಜುಮ್. ನಾಳೆ ಮತ್ತೆ ಭತ್ತ ಕುದಿಸುವ ದಿನ. ಬಿಸಿನೀರು ನೆಲವೆಲ್ಲ ಹರಿಯುತ್ತದೆ, ಗೋಣಿ ತೊಯ್ಯುತ್ತದೆ. ಬೀಳಬೇಕಾದ ಸ್ವಿಚ್ಚಿಗೆ ಈಗ ಬೀಳಲು ಬರುವುದಿಲ್ಲ.

"ಅವತ್ತ ಏಳು ಸಲ ಸ್ವಿಚ್ ಬಿತ್ತಲ್ಲ, ಆವಾಗ ನೀ ಎಲ್ಲಿದ್ದಿ?"

"ಇಲ್ಲೇ. ಕೈ ಹಚ್ಚಿದ ಕೂಡಲೇ ಪಟ್ಟಂತ ಹೊಡೀತು, ಕರೆಂಟ್ ಹೋತು. ಮೂರು ಸಲ ನಂಗ. ಉಳಿದವ್ರಿಗೂ ಹಂಗ."

ಸ್ವಿಚ್ಚು ಕೆಟ್ಟಿರಲೇ ಇಲ್ಲ. ಅದು ಏಳು ಸಲ ಜೀವ ಉಳಿಸಿತ್ತು, ಅದರಲ್ಲಿ ಮೂರು ಸಲ ಇವಳ ತಾಯಿಯದು. ಆ ತಪ್ಪಿಗೆ ಅದರ ಕುತ್ತಿಗೆ ಹಿಸುಕಿದ್ದರು.

ಕರಿಬಸಪ್ಪ ಆಫೀಸಿನಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಂಡ. ಕೆಟ್ಟವನೇನಲ್ಲ. ನೀಲಂ ಡಿಪ್ಲೊಮಾ ಸೇರುವಾಗ ಕಾರವಾರದವರೆಗೆ ತನ್ನ ಜೀಪು ಕಳಿಸಿದ್ದವನು. ಈಗ ಇನ್ಶೂರೆನ್ಸ್‌ನವರು ಸೇಫ್ಟಿ ರಿಪೋರ್ಟು ಕೇಳಿದಾಗ, ನಮ್ಮ ಹುಡುಗಿಯೇ ಬರಲಿ ಎಂದು ಹುಬ್ಬಳ್ಳಿಗೆ ಫೋನು ಮಾಡಿದವನೂ ಅವನೇ.

"ಒಂದೂವರೆ ಬಂದೈತೋ ಇಲ್ಲೋ?"

"ಬಂದೈತ್ರಿ ಸಾವಕಾರ್ರ. ಆದ್ರ ಗುಂಡಿಗೂ ಗಿರಣಿಗೂ ತಂತಿನ ಇಲ್ಲ. ಎಲಿವೇಟರ್ ಬಂದ್ ಮಾಡಬೇಕು. ಆ ಕೆಂಪು ವೈರು ತೆಗೀಬೇಕು. ನೆಲ ಒಡದು ಪಟ್ಟಿ ಕೂಡಿಸಬೇಕು."

"ಹೊಸಾ ನೆಲ ಒಡೀಬೇಕಾ? ನಾಳೆ ಕುದಿಸೂದೈತಿ, ಭತ್ತ ಈಗಾಗಲೇ ನೆನಿ ಹಾಕೀವಿ. ಬಿಟ್ರ ನಾರ್ತೈತಿ. ಸುಗ್ಗಿ ಮುಗೀಲಿ, ಮಾಡೂಣಂತ. ನೀ ಒಂದೂವರೆ ಅಂತ ಬರಿ. ಸುಳ್ಳ ಬರಿ ಅಂದೇನೇನು? ನಿನ್ನ ಮೀಟರ್ ಹೇಳಿದ್ದ ಬರಿ."

"ಅದು ಖರೇನರಿ, ಆದ್ರ..."

"ಖರೇ ಇದ್ರ ಆತಲ್ಲ. ಇಷ್ಟ ವರ್ಷ ಏನಾಗೇತಿ? ಏನೂ ಆಗಂಗಿಲ್ಲ."

ಏನೂ ಆಗಂಗಿಲ್ಲ! ನಾಲ್ಕು ವರ್ಷದಲ್ಲಿ ನೀಲಂ ಈ ಮಾತನ್ನು ಕೇಳಿದಷ್ಟು ತನ್ನ ಹೆಸರನ್ನೂ ಕೇಳಿರಲಿಲ್ಲ. ಹಳಿಯಾಳದ ಹಾಸ್ಟೆಲಿನಲ್ಲಿ ಕೇಳಿದ್ದಳು, ದಾಂಡೇಲಿಯ ಗೋದಾಮಿನಲ್ಲಿ ಕೇಳಿದ್ದಳು, ಜೋಯಿಡಾದಲ್ಲಿ ಕೊಂಕಣಿಯಲ್ಲಿ ಕೇಳಿದ್ದಳು. ಹುಬ್ಬಳ್ಳಿಗೆ ಫೋನು ಹಚ್ಚಿದಳು. ಅವಳ ಮೇಲಿನ ಸಾಹೇಬರು ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ. "ರೀಡಿಂಗ್ ಹಾಕವ್ವಾ, ಉಳಿದದ್ದು ಕೊನೇ ಪುಟದಾಗ ಸಣ್ಣಕ್ಷರದಾಗ ಹಾಕು" ಎಂದರು. ಕೊನೆಯ ಪುಟವನ್ನು ಯಾರು ಓದುತ್ತಾರೆ? ಓದಿದರೂ ನಾಳೆ ಬೆಳಿಗ್ಗೆಯೊಳಗೆ ಓದುತ್ತಾರೆಯೇ?

ಊಟದ ಹೊತ್ತಿಗೆ ಯಂತ್ರಗಳ ಸ್ವಿಚ್ಚು ಆರಿಸಿ ಗಿರಣಿ ನಿಲ್ಲಿಸಿದರು. ನೀಲಂ ತಾಯಿಯ ಬುತ್ತಿಯ ಮುಂದೆ ಕೂತು, ನಾಳೆ ಕೆಲಸಕ್ಕೆ ಬರಬೇಡ ಎಂದಳು.

"ನಾ ಬರಲಿಲ್ಲ ಅಂದ್ರ ಆ ಜಾಗಕ್ಕ ಮತ್ತೊಬ್ಬಾಕಿ ನಿಂದರ್ತಾಳ. ಆಕಿಗೂ ಹೇಳ್ತಿಯೇನು?" ಮಾರ್ಗರೀಟಾ ಸಿಡುಕಿದಳು. "ಗಿರಣಿ ಬಂದ್ ಮಾಡಸಾಕ ಬಂದಾಳ ಮಾರ್ಗರೀಟಾನ ಮಗಳು ಅಂತ ಆಗಲೇ ಅನ್ನಾಕತ್ತಾರ. ಉಂಡ ಮನಿಗೆ ಎರಡು ಬಗೀಬ್ಯಾಡ. ನಾಕ ಅಕ್ಷರ ಕಲತಿ ಅಂತ ಎಲ್ಲಾದರಾಗೂ ಹುಳುಕ ಹುಡುಕ್ತೀಯಲ್ಲ!"

ನೀಲಂ ತುತ್ತನ್ನು ಬುತ್ತಿಯಲ್ಲೇ ಬಿಟ್ಟಳು. ಯಾರನ್ನು ಉಳಿಸಬೇಕೋ ಅವಳೇ ಬೈಯುತ್ತಿದ್ದಾಳೆ! ಸಿಟ್ಟಿನಲ್ಲಿ ಎದ್ದು ಹಿತ್ತಲಿಗೆ ಬಂದಳು. ಅಲ್ಲಿ ಮಹಾದೇವಕ್ಕ ಆ ದಿನದ ಕೊಡ ತುಂಬಿಕೊಂಡು ಗುಂಡಿಯ ಹತ್ತಿರ ಬಗ್ಗುತ್ತಿದ್ದಳು. ಓಮ್ ಪಾಮ್ ಎಲ್ಲ ಯಾರಿಗೆ ಬೇಕು ಎನಿಸಿ ನೀಲಂ ನೇರವಾಗಿ ಹೇಳಿಬಿಟ್ಟಳು.

"ಹಾಕಬ್ಯಾಡ್ರಿ ಅವ್ವಾರ. ನಿಮ್ಮ ನೀರು ಗಿರಣಿಗೆ ಮುಟ್ಟಂಗಿಲ್ಲ."

"ಅಂದ್ರ?"

"ಹೋದ ಬ್ಯಾಸಗಿ ನೆಲ ಮಾಡುಮುಂದ ಒಳಗಿನ ಪಟ್ಟಿ ಕಡದಾರ. ನೀವು ನೀರು ಹಾಕೂದು ಬರೇ ಪೈಪಿಗೆ. ಒಳಗ ನಮ್ಮವ್ವ ನಿಂದ್ರೂ ಕಬ್ಬಿಣದಾಗ ಕರೆಂಟ್ ಐತಿ. ನಾಳೆ ನೆಲ ಒದ್ದಿ ಆದ್ರ, ಕೈ ಹಚ್ಚಿದವರು ಅಲ್ಲೇ ಉಳೀತಾರ."

ಮಹಾದೇವಕ್ಕ ಬಗ್ಗಿದ್ದವಳು ಹಾಗೇ ನಿಂತಳು. "ಕರಿಬಸೂಗ ಗೊತ್ತೈತಾ?"

"ಮುಂಜಾನೆ ಹೇಳೀನ್ರಿ. ಏನೂ ಆಗಂಗಿಲ್ಲ ಅಂದ್ರು."

"ಹೊಳ್ಯಾಗ ಹುಣಸೀಹಣ್ಣು ತೊಳದಂಗಾತು ನನ್ನ ನೀರು," ಎಂದಳು ಮುದುಕಿ. ದನಿ ಸಣ್ಣದಾಗಿತ್ತು. ಆಮೇಲೆ ಕೊಡವನ್ನು ಕಂಕುಳಿಗೇರಿಸಿ ಗಿರಣಿಯ ಕಡೆ ನಡೆದಳು. ಎಂಬತ್ತರ ಹತ್ತಿರದ ಹೆಂಗಸು ಇಷ್ಟು ಬೇಗ ನಡೆಯಬಲ್ಲಳೆಂದು ನೀಲಂಗೆ ಗೊತ್ತಿರಲಿಲ್ಲ.

ಮಹಾದೇವಕ್ಕ ಹೊಸ್ತಿಲಾಚೆ ಚಪ್ಪಲಿ ಬಿಟ್ಟು ಒಳಗೆ ಬಂದಳು. ಎಲಿವೇಟರಿನ ಬುಡದ ಗೋಣಿಯನ್ನು ಕಾಲಿಂದ ಸರಿಸಿ, ಕೊಡದ ನೀರನ್ನೆಲ್ಲ ಅಲ್ಲಿ ಸುರಿದು, ಆ ನೀರಲ್ಲಿ ನಿಂತಳು. ಊಟ ಮಾಡುತ್ತಿದ್ದ ಹೆಂಗಸರು ಕೈ ಬಾಯಿ ನಿಲ್ಲಿಸಿದರು. ಕರಿಬಸಪ್ಪ ಆಫೀಸಿನಿಂದ ಹೊರಗೆ ಬಂದ.

"ಯವ್ವಾ, ಏನ್ ಮಾಡಾಕತ್ತಿ?"

"ಏನಿಲ್ಲೋ. ಮಾರ್ಗರೀಟಾ ಉಣ್ಣಾಕ ಕೂತಾಳ. ಅಲ್ಲೀತನಕ ನಾ ನಿಂದರ್ತೇನಿ." ಎರಡೂ ಕೈ ಮೇಲೆತ್ತಿ ಕಬ್ಬಿಣವನ್ನು ಹಿಡಿದಳು. "ಸಿದ್ದಲಿಂಗಾ, ಹಾಕೋ ಸ್ವಿಚ್. ಏನೂ ಆಗಂಗಿಲ್ಲ."

ಮಹಾದೇವಕ್ಕ ಹೇಳಿದ್ದನ್ನು ಸಿದ್ದಲಿಂಗ ಎಂದೂ ಮೀರಿದವನಲ್ಲ. ಅವನ ಕೈ ಅಭ್ಯಾಸಬಲದಿಂದ ಪ್ಯಾನೆಲ್ಲಿನ ಕಡೆ ಹೋಯಿತು. ಮುದುಕಿಯ ಹಿಂದೆಯೇ ಬಂದಿದ್ದ ನೀಲಂ ಹೆಗಲಿನ ಮೀಟರು ಬಿಸಾಕಿ ಓಡಿದಳು. ಅವಳು ಎರಡು ಹೆಜ್ಜೆ ಇಡುವುದರೊಳಗೆ ಕರಿಬಸಪ್ಪ ಭತ್ತದ ರಾಶಿಯನ್ನೇ ತುಳಿದುಕೊಂಡು ಹಾರಿ ಬಂದ, ಚಪ್ಪಲಿ ಕಾಲಲ್ಲೇ ಇತ್ತು. ಸಿದ್ದಲಿಂಗನನ್ನು ಎದೆಗೆ ಕೈಕೊಟ್ಟು ಆಚೆ ತಳ್ಳಿದ, ಮೇನ್ ಸ್ವಿಚ್ಚಿನ ಹಿಡಿಕೆಯನ್ನು ಎರಡೂ ಕೈಯಿಂದ ಜಗ್ಗಿ ಕೆಳಗಿಳಿಸಿದ. ಗಿರಣಿಯ ದೀಪಗಳೆಲ್ಲ ಆರಿದವು.

"ಕೈ ತಗೀ ಯವ್ವಾ! ಕೈ ತಗೀ! ಸಾಯ್ತಿ!"

ಮಹಾದೇವಕ್ಕ ಕೈ ತೆಗೆಯಲಿಲ್ಲ. "ಗೊತ್ತೈತಲ್ಲಪಾ ನಿನಗ," ಎಂದಳು. "ಹಾರಿ ತರಸೋ. ಈಗ ಒಡಿ ನೆಲ."

ಸಿದ್ದಲಿಂಗ ತಾನೇ ಹೋಗಿ ಹಾರೆ ತಂದ. ನೆನೆದ ಭತ್ತ ನಾಳೆಗೆ ಏನಾಗುತ್ತದೆಂದು ಕರಿಬಸಪ್ಪ ಕೇಳಲಿಲ್ಲ. ಕತ್ತಲಲ್ಲಿ ಸಿಮೆಂಟಿನ ಮೇಲೆ ಮೊದಲ ಪೆಟ್ಟು ಬಿತ್ತು.

ನೀಲಂಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಬೆಳಗಿನಿಂದ ಮೀಟರು ಹೇಳಿತ್ತು, ಟೆಸ್ಟರು ಹೇಳಿತ್ತು, ಇವಳು ಬಾಯಿ ನೋಯುವಂತೆ ಹೇಳಿದ್ದಳು. ಆ ಮನುಷ್ಯ ಕುರ್ಚಿ ಬಿಟ್ಟು ಎದ್ದಿರಲಿಲ್ಲ. ಬಿಸಾಕಿದ ಮೀಟರನ್ನು ಎತ್ತಿಕೊಂಡು ಗೋಡೆ ಹಿಡಿದು ನಿಂತಳು.

ಮಾರ್ಗರೀಟಾ ಊಟದ ಕೈ ತೊಳೆಯದೆ ಬಂದು ಮಗಳ ಪಕ್ಕ ನಿಂತಳು. ಇನ್ನೂ ನೀರಲ್ಲೇ ಇದ್ದ ಮುದುಕಿಯ ಪಾದಗಳನ್ನು, ಆಮೇಲೆ ತನ್ನ ಪಾದಗಳನ್ನು ನೋಡಿಕೊಂಡಳು.

"ಅವತ್ತ ಮೂರು ಸಲ ಹೊಡಿಸಿಕೊಂಡೆ ನಾನು," ಎಂದಳು. "ಸಾವಕಾರ್ರು ಆಫೀಸಿನ ಬಾಗಲಾಗ ನಿಂತಿದ್ರು. ಲಗೂನ ಚಾಲೂ ಮಾಡ್ರಿ ಅಂದ್ರು."