ಇಂಕಾರಳ ಕಾಲ್ದಾರ

ಬುಧವಾರ ಮಧ್ಯಾಹ್ನ, ಹೆಂಡತಿ ಮೊಲ್ದಿರ್ ಕೆಲಸಕ್ಕೆ ಹೋಗಿದ್ದಾಗ, ಹದಿನಾಲ್ಕು ತಿಂಗಳ ಇಂಕಾರ್ ಸೋಫಾ ಬಿಟ್ಟು ಏಳು ಹೆಜ್ಜೆ ನಡೆದು ಅಪ್ಪನ ಮೊಣಕಾಲು ಹಿಡಿದುಕೊಂಡಳು. ದಾರ್ಖಾನನಿಗೆ ಕಣ್ಣು ತುಂಬಿ ಬಂತು. ಮರುಕ್ಷಣವೇ ತನ್ನ ಮಾತು ನೆನಪಾಯಿತು. ಮಗು ನಡೆದ ದಿನವೇ ಗೇಮಿನ ಕಂಪ್ಯೂಟರನ್ನು ತಮ್ಮನ ಮನೆಗೆ ಸಾಗಿಸುತ್ತೇನೆಂದು ಹೆಂಡತಿಗೆ ಮಾತು ಕೊಟ್ಟವನು ಅವನೇ. ನೆಲದ ತುಂಬ ವೈರುಗಳು. ಆದರೆ ಭಾನುವಾರ ಟೂರ್ನಮೆಂಟಿನ ಫೈನಲ್. ಬೆಳಗಿನ ಜಾವ ಬೇಕರಿಯಲ್ಲಿ ಹಿಟ್ಟು ನಾದುವ ಈ ಮೂವತ್ತೆರಡರ ಮಹಾಶಯನನ್ನು ನಂಬಿ ನಾಲ್ವರು ಗೆಳೆಯರು ಕೂತಿದ್ದರು.

ಮುಚ್ಚಿಡುವುದು ನಾಲ್ಕೇ ದಿನ ತಾನೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಬಾಗಿಲಲ್ಲಿ ಬೀಗದ ಸದ್ದಾದರೆ ಸಾಕು, ಮಗಳನ್ನು ಕಂಕುಳಿಗೇರಿಸಿದರೆ ಮಲಗುವ ತನಕ ಇಳಿಸುತ್ತಿರಲಿಲ್ಲ. ಇಷ್ಟೊಂದು ಮುದ್ದು ಯಾವಾಗಿನಿಂದ ಎಂದು ಮೊಲ್ದಿರ್ ನಗುತ್ತಿದ್ದಳು. ಆಮೇಲೆ ಮಗುವಿನ ಕಾಲಿಗೆ ಬಲ ಬರಲೆಂದು ಕುರಿಬಾಲದ ಕೊಬ್ಬು ತಿಕ್ಕುತ್ತ ಕೂರುವಾಗ ಆ ನಗು ಇರುತ್ತಿರಲಿಲ್ಲ.

ಭಾನುವಾರ ಕೊನೆಯ ಸುತ್ತು. ಮಗು ಅತ್ತರೆ ಕೇಳಲೆಂದು ಒಂದು ಕಿವಿಯನ್ನು ಹೆಡ್‌ಫೋನಿನಿಂದ ಹೊರಗಿಡುವುದು ದಾರ್ಖಾನನ ರೂಢಿ. ಆ ಕಿವಿಗೆ ಅಡುಗೆಮನೆಯಿಂದ ಹೆಂಡತಿ ತನ್ನ ತಾಯಿಗೆ ಫೋನಿನಲ್ಲಿ ಹೇಳುತ್ತಿದ್ದುದು ಬಿತ್ತು. ಮಗು ಇನ್ನೂ ನಡೆದಿಲ್ಲ, ನಾಳೆ ಡಾಕ್ಟರಿಗೆ ತೋರಿಸಬೇಕು, ತಪ್ಪೆಲ್ಲ ತನ್ನದೇ, ಬೇಗ ಕೆಲಸಕ್ಕೆ ಹೋಗಬಾರದಿತ್ತು ಎಂದು ಬಿಕ್ಕುತ್ತಿದ್ದಳು. ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಹೆಡ್‌ಫೋನ್ ಕಿತ್ತು ಕುರ್ಚಿಯ ಮೇಲಿಟ್ಟ. ನಾಲ್ವರ ಬೈಗುಳವನ್ನು ಕುರ್ಚಿಯೇ ಕೇಳಿಸಿಕೊಂಡಿತು.

ಮಗಳನ್ನು ತೊಟ್ಟಿಲಿನಿಂದ ಎತ್ತಿ ತಂದು ಅಡುಗೆಮನೆಯಲ್ಲಿ ಇಳಿಸಿದ. ಅವಳು ಮೇಜಿನ ಮೇಲಿನ ರೊಟ್ಟಿಯತ್ತ ಸಲೀಸಾಗಿ ನಡೆದುಬಿಟ್ಟಳು.

ಮೊಲ್ದಿರ್ ನೋಡುತ್ತಲೇ ಇದ್ದಳು. "ಇದು ಮೊದಲನೇ ಸಲದ ನಡಿಗೆ ಅಲ್ಲ," ಎಂದಳು. "ಎಷ್ಟು ದಿನ ಆಯ್ತು?"

"ನಾಲ್ಕು."

ಸಂಜೆಯೇ ಕಂಪ್ಯೂಟರ್ ಮನೆ ಬಿಟ್ಟಿತು.

ಮುಂದಿನ ಶನಿವಾರ, ನಡೆಯಲು ಕಲಿತ ಮಗುವಿಗೆ ಮಾಡುವ ಕಾಲ್ದಾರ ಕತ್ತರಿಸುವ ಶಾಸ್ತ್ರ. ಕಪ್ಪುಬಿಳುಪಿನ ಉಣ್ಣೆದಾರದಿಂದ ಮಗುವಿನ ಕಾಲುಗಳನ್ನು ಕಟ್ಟಿದರು. ಕತ್ತರಿಸಿದವರ ಗುಣ ಮಗುವಿಗೆ ಬರುತ್ತದಲ್ಲ, ಓಟದ ಪಂದ್ಯ ಗೆದ್ದ ಸೋದರಮಾವ ಅಂಗಿಯ ತೋಳು ಮಡಚಿಕೊಂಡು ತಯಾರಾಗಿದ್ದ. ಮೊಲ್ದಿರ್ ಕತ್ತರಿ ಕೊಟ್ಟದ್ದು ಕೆಳಮನೆಯ ಬಿಬಿನುರ್ ಅಕ್ಕನಿಗೆ. ಆಕೆಯ ಬಾಯಲ್ಲಿ ಎಳ್ಳುಕಾಳೂ ನೆನೆಯುವುದಿಲ್ಲವೆಂದು ಇಡೀ ಬೀದಿಗೆ ಗೊತ್ತು. ಇವಳೇ ಏಕೆ ಎಂದು ಮೊಲ್ದಿರಳ ತಾಯಿ ಪಿಸುಗುಟ್ಟಿದಳು.

"ನನ್ನ ಮಗಳು ಮನೇಲಿ ಏನೇ ಆದ್ರೂ ಬಂದು ನಂಗೆ ಹೇಳ್ಬೇಕಮ್ಮ," ಎಂದಳು ಮೊಲ್ದಿರ್, ಗಂಡನ ಮುಖ ನೋಡುತ್ತ. "ಅವರಪ್ಪ ಹೇಳಲ್ಲ."

ದಾರ ಕತ್ತರಿಸಿದ್ದೇ ಮಗು ಅಭ್ಯಾಸದಂತೆ ದಾರ್ಖಾನನ ಮೊಣಕಾಲಿಗೆ ಕೈಚಾಚಿತು. ಅವನು ಅವಳನ್ನು ಮೆಲ್ಲಗೆ ತಿರುಗಿಸಿ ನಿಲ್ಲಿಸಿದ.

"ಅಮ್ಮನ ಹತ್ರ ಹೋಗು ಪುಟ್ಟಿ," ಎಂದ. "ಈ ಸಲ ಮೊದಲ ಹೆಜ್ಜೆ ಅವಳೇ ನೋಡ್ಲಿ."