ಸಾಹೇಬರು ಕೇಳಿಕೊಂಡದ್ದು

ಎಡಗಾಲಿಗೆ ಬೂಟು ಏರಲೊಲ್ಲದು. ಮಗಳು ಮಂಚದ ತುದಿಯಲ್ಲಿ ಕೂತು, ಅಪ್ಪನ ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು ಮತ್ತೊಮ್ಮೆ ಒತ್ತಿದಳು. ಬಿಗಿದುಕೊಂಡ ಪಾದ ಬಾಗಲಿಲ್ಲ. ಬೂಟು ಬೇಡ, ಹಾಗೇ ಕಳಿಸೋಣ ಅಂದಳು. ಅಮ್ಮ ಕೇಳಲಿಲ್ಲ. ಸಾಹೇಬರು ಬರುತ್ತಾರೆ, ಅವರೆದುರು ಈ ಮನುಷ್ಯ ಒಂದು ದಿನವೂ ಬರಿಗಾಲಲ್ಲಿ ನಿಂತವನಲ್ಲ ಎಂದು ಪಟ್ಟು ಹಿಡಿದಳು. ಕೊನೆಗೆ ಕತ್ತರಿ ತಂದು ಬೂಟಿನ ಹಿಂಭಾಗ ಸೀಳಿ, ಪಾದಕ್ಕೆ ಮುಚ್ಚಳದ ಹಾಗೆ ತೊಡಿಸಿದರು. ಮುಂದಿನಿಂದ ನೋಡಿದವರಿಗೆ ಏನೂ ತಿಳಿಯುವಂತಿರಲಿಲ್ಲ.

ಅಪ್ಪ ಬಾಟಲಿ ಕಾರ್ಖಾನೆಯ ದುಭಾಷಿ. ಸಾಹೇಬರಿಗೆ ಇಂಗ್ಲಿಷ್ ಬಿಟ್ಟು ಬೇರೆ ಬಾರದು, ಕುಲುಮೆಯವರಿಗೆ ಇಂಗ್ಲಿಷಿನ ಗಂಧಗಾಳಿಯಿಲ್ಲ. ಇವರ ಮಾತು ಅವರಿಗೆ, ಅವರ ಮಾತು ಇವರಿಗೆ ದಾಟಿಸುವುದರಲ್ಲೇ ಅಪ್ಪನ ಆಯುಸ್ಸು ಸವೆದಿತ್ತು. ದುಭಾಷಿ ಎಂಬುದು ನಾಲಿಗೆಗೆ ತೊಡಕೆಂದು ಕೆಲಸಗಾರರು ಭಾಷಿಯಣ್ಣ ಅನ್ನುತ್ತಿದ್ದರು. ಮನೆಯೂ ಕಾರ್ಖಾನೆಯದೇ. ಎರಡು ಕೋಣೆ, ಹಿಂದೊಂದು ಅಡುಗೆಮನೆ, ಕಿಟಕಿ ತೆರೆದರೆ ಹೊಗೆಕೊಳವೆ.

ಬೆಳಗಿನ ಪಾಳಿ ಮುಗಿಸಿದವರು ಬೆವರಿನ ಬಟ್ಟೆಯಲ್ಲೇ ಬಂದು ಗೋಡೆಗಂಟಿ ನಿಂತರು. ಅವರಿಗೆಲ್ಲ ಹಿರಿಯ, ಕುಲುಮೆಯ ಮೇಸ್ತ್ರಿ. ಅವನನ್ನು ಮಗಳು ಚಿಕ್ಕಂದಿನಿಂದ ಬೆಂಕಿಮಾವ ಎಂದೇ ಕರೆದವಳು. ಅವನು ಸತ್ತವನನ್ನು ಹೊಗಳುತ್ತ ಹೊಗಳುತ್ತ ಸಾಹೇಬರ ಹೊಗಳಿಕೆಗೆ ಹೊರಳಿದ.

"ದೊಡ್ಡ ಮನಸ್ಸು ಅವರದು. ನನ್ನ ಕೈ ಸುಟ್ಟಾಗ ಏನಂದ್ರು ಗೊತ್ತಾ? ನನ್ನ ಕೈಯೇ ಸುಟ್ಟಂಗಾಯ್ತು ಅಂದ್ರಂತೆ. ಅಣ್ಣ ಬಂದು ಹೇಳ್ದಾಗ ಅತ್ತೇಬಿಟ್ಟೆ. ನಮ್ಮನೆಯವಳು ಕಟ್ಟಿಕೊಂಡಾಗಿನಿಂದ ಅಂಥದೊಂದು ಮಾತಾಡಿಲ್ಲ."

ಒಂದಿಬ್ಬರು ನಕ್ಕು, ಹೆಣದ ನೆನಪಾಗಿ ಬಾಯಿ ಮುಚ್ಚಿಕೊಂಡರು. ಮಗಳು ತಲೆ ತಗ್ಗಿಸಿದಳು. ಈ ಕೈ ಇನ್ನೆಷ್ಟು ದಿನ ದಂಡ ಎಂದಷ್ಟೇ ಸಾಹೇಬರು ಅಂದು ವಿಚಾರಿಸಿದ್ದು. ಅಪ್ಪನೇ ಅವಳಿಗೆ ಹೇಳಿದ್ದ.

* * *

ಅವಳು ಶಾಲೆಗೆ ಹೋಗುತ್ತಿದ್ದ ಕಾಲ. ಅಪ್ಪ ಬುತ್ತಿ ಮರೆತು ಹೋಗಿದ್ದನೆಂದು ಒಯ್ದು ಕೊಡಲು ಹೋದವಳು ಕುಲುಮೆಯ ಬಾಗಿಲಲ್ಲಿ ನಿಂತುಬಿಟ್ಟಿದ್ದಳು. ಬಾಟಲಿ ತುಂಬಿದ ಪೆಟ್ಟಿಗೆಯೊಂದು ಬಿದ್ದು ಒಡೆದಿತ್ತು. ಸಾಹೇಬರು ಕೆಂಡವಾಗಿದ್ದರು. ಇನ್ನೊಂದು ಪೆಟ್ಟಿಗೆ ಬಿದ್ದರೆ ಬೀಳಿಸಿದವನನ್ನೂ ಅವನ ಅಣ್ಣತಮ್ಮಂದಿರನ್ನೂ ಗೇಟಿನಾಚೆ ಒಗೆಯುತ್ತೇನೆ ಎಂದು ಇಂಗ್ಲಿಷಿನಲ್ಲಿ ಹರಿಹಾಯ್ದರು.

ಅಪ್ಪ ಕೆಲಸಗಾರರ ಕಡೆ ತಿರುಗಿ, "ಸಾಹೇಬರು ಕೇಳ್ಕೊಳ್ತಿದ್ದಾರೆ, ಗಾಜು ಜೋಪಾನ, ಕೈಕಾಲಿಗೆ ತಗಲೀತು ಅಂತ" ಅಂದ.

ಇವನ ಕೈಗೊಮ್ಮೆ ಕಾದ ಸರಳು ಕೊಟ್ಟು ನೋಡಬೇಕು ಎಂದು ಬೆಂಕಿಮಾವ ಗೊಣಗಿದ. ಅದನ್ನು ಅಪ್ಪ, ಇನ್ನು ಮುಂದೆ ಎಚ್ಚರವಾಗಿರುತ್ತೇವೆಂದು ಮಾತು ಕೊಡುತ್ತಿದ್ದಾರೆ ಎಂದು ಇಂಗ್ಲಿಷಿಗೆ ದಾಟಿಸಿದ. ಸಾಹೇಬರ ಸಿಟ್ಟು ಇಳಿಯಿತು. ಎರಡೂ ಕಡೆಯವರು ತಲೆಯಾಡಿಸಿದರು.

ಶಾಲೆಯಲ್ಲಿ ಕಲಿತ ಇಂಗ್ಲಿಷಿನಿಂದ ಅವಳಿಗೆ ಅಷ್ಟು ತಿಳಿದಿತ್ತು. ದಾರಿಯಲ್ಲಿ ಅಪ್ಪನನ್ನು ಕೇಳಿದಳು, ಸಾಹೇಬರು ಹಾಗೆ ಅನ್ನಲೇ ಇಲ್ಲವಲ್ಲ ಎಂದು.

"ಅಂದಂಗೇ ಹೇಳಿದ್ರೆ ಇವರು ಕುಲುಮೆ ಬಿಟ್ಟು ಹೊರಗೆ ಬರ್ತಾರೆ. ಒಂದ್ಸಲ ಆರಿದ್ರೆ ಒಳಗಿನ ಗಾಜು ಕಲ್ಲಾಗುತ್ತೆ. ಆಮೇಲೆ ಕುಲುಮೆನೇ ಒಡೀಬೇಕು. ಆಗ ಯಾರ ಮನೇಲಿ ಒಲೆ ಉರಿಯುತ್ತೆ, ನೀನೇ ಹೇಳು."

ಅಂದಿನಿಂದ ಸಂಜೆ ಮನೆಯಲ್ಲೂ ಅವಳಿಗೆ ಇಂಗ್ಲಿಷ್ ಪಾಠ. ಬರೀ 'ಸೆಡ್' ಅಂತ ಬರೆಯುವುದು ಸೋಮಾರಿತನ ಎಂದು ಅಪ್ಪ ಗದರುತ್ತಿದ್ದ. 'ಅಂದ' ಎಂದಷ್ಟೇ ಬರೆದರೆ ಮನುಷ್ಯ ಕಾಣಿಸುವುದಿಲ್ಲ. ಬೇಡಿದನೋ, ಬೆದರಿಸಿದನೋ, ಒಪ್ಪಿಕೊಂಡನೋ, ಒಳಗೊಳಗೇ ಗೊಣಗಿದನೋ? ರಿಕ್ವೆಸ್ಟೆಡ್, ಥ್ರೆಟನ್ಡ್, ಅಡ್ಮಿಟೆಡ್, ಗ್ರಂಬಲ್ಡ್ ಎಂದು ಬಾಯಿಪಾಠ ಮಾಡಿಸುತ್ತಿದ್ದ. ಪುಸ್ತಕದ ವಾಕ್ಯಗಳಲ್ಲಿ ಯಾರು ಬೆದರಿಸಿದರೋ ಅವರು ಬೆದರಿಸಿದ್ದೆಂದೇ ಬರೆಯಬೇಕು. ತಪ್ಪಿದರೆ ಕಿವಿ ಹಿಂಡುತ್ತಿದ್ದ. ಕಾರ್ಖಾನೆಯಲ್ಲಿ ಮಾತ್ರ ಯಾರೂ ಯಾರನ್ನೂ ಬೆದರಿಸುತ್ತಿರಲಿಲ್ಲ.

* * *

ಅಡುಗೆಮನೆಯಲ್ಲಿ ಅಮ್ಮ ಅವಳ ತೋಳು ಹಿಡಿದಳು.

"ಸೋಮವಾರ ನೀನು ಹೊರಟ್ರೆ ಈ ಮನೆ ಯಾರದಾಗುತ್ತೆ?"

ದೂರದ ಊರಿನ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಮಗಳಿಗೆ ಕೆಲಸ ಸಿಕ್ಕಿತ್ತು, ಸೋಮವಾರ ಸೇರಬೇಕಿತ್ತು. ರಕ್ತದ ಹನಿಯನ್ನು ಗಾಜಿನ ಮೇಲೆ ಹರಡಿ, ಕಂಡದ್ದನ್ನು ಕಂಡ ಹಾಗೆ ಬರೆಯುವ ಕೆಲಸ. ಅಮ್ಮನಿಗೊಂದು ಕೋಣೆಯನ್ನೂ ನೋಡಿ ಬಂದಿದ್ದಳು. ಗೋಡೆ ಒದ್ದೆ, ಅಲ್ಲಿ ನನಗೆ ಉಸಿರುಕಟ್ಟುತ್ತದೆ ಎಂದು ಅಮ್ಮ ಆಗಲೇ ತೀರ್ಮಾನ ಕೊಟ್ಟಾಗಿತ್ತು. ಈಗ, ಅಪ್ಪನ ಜಾಗಕ್ಕೆ ಸಾಹೇಬರು ನಿನ್ನನ್ನು ಕೇಳೇ ಕೇಳುತ್ತಾರೆ, ದುಡುಕಬೇಡ ಎಂದು ಅಂಗಲಾಚಿದಳು.

ಮಗಳೂ ಅದನ್ನು ಯೋಚಿಸಿಯೇ ಇದ್ದಳು. ಇಂದು ಸಾಹೇಬರು ಬಾಯಿ ಬಿಟ್ಟರೆ, ಅವರು ಆಡಿದ್ದನ್ನು ಒಂದಕ್ಷರ ಬಿಡದೆ ಎಲ್ಲರೆದುರು ಹೇಳಿಬಿಡುವುದು. ಒಮ್ಮೆ ಹೇಳಿದರೆ ಸಾಕು. ಆಮೇಲೆ ಈ ಕೆಲಸಕ್ಕೆ ಅವಳನ್ನು ಕರೆಯುವ ಧೈರ್ಯ ಯಾರಿಗೂ ಇರುವುದಿಲ್ಲ.

ಸಾಹೇಬರು ಬಂದರು. ಬಾಗಿಲು ಕಿರಿದು, ತಲೆ ತಗ್ಗಿಸಿಯೇ ಒಳಗೆ ಬಂದರು. ಮಂಚದ ಬಳಿ ಹ್ಯಾಟು ತೆಗೆದು ನಿಂತರು. ಬಳಿಕ ಗೋಡೆಗಂಟಿ ನಿಂತವರನ್ನು ನೋಡಿದರು. ಶವಪೆಟ್ಟಿಗೆ ಹೊರಲೆಂದು ಕೆಲವರು ಆಗಲೇ ಹೆಗಲಿಗೆ ಬಟ್ಟೆ ಮಡಚಿ ಹಾಕಿಕೊಂಡಿದ್ದರು. ಇನ್ನೇನು ಕೆಲಸಕ್ಕಿಳಿಯಬೇಕಿದ್ದ ಎರಡನೇ ಪಾಳಿಯವರೂ ಅವರಲ್ಲಿದ್ದರು.

ಸಾಹೇಬರು ದನಿ ಎತ್ತಲಿಲ್ಲ. ಸೈರನ್ ಕೂಗುವಷ್ಟರಲ್ಲಿ ಕುಲುಮೆಯೆದುರು ಇಲ್ಲದವನು ನಾಳೆ ಗೇಟಿನ ಹೊರಗಿರುತ್ತಾನೆ, ಹೆಣ ಹೊರಲು ಕೂಲಿಯಾಳುಗಳು ಬೇಕಾದಷ್ಟು ಸಿಗುತ್ತಾರೆ, ಹೇಳು ಇವರಿಗೆ ಎಂದು ಮಗಳಿಗೆ ಆಜ್ಞೆ ಮಾಡಿದರು.

ಕೋಣೆಯಲ್ಲಿದ್ದ ಮುಖಗಳೆಲ್ಲ ಸಾಹೇಬರನ್ನು ಬಿಟ್ಟು ಅವಳ ತುಟಿಗಳತ್ತ ತಿರುಗಿದವು.

"ಸಾಹೇಬರು..." ಎಂದು ಶುರುಮಾಡಿದಳು. ಮುಂದಿನ ಮಾತು ಗಂಟಲಲ್ಲಿ ಸಿದ್ಧವಾಗಿಯೇ ಇತ್ತು. ಬೆಂಕಿಮಾವ ಸುಟ್ಟ ಕೈಯನ್ನು ಎದೆಗಿಟ್ಟುಕೊಂಡು, ಈ ಹೊತ್ತಿನಲ್ಲಿ ಸಾಹೇಬರು ಇನ್ನೇನು ಒಳ್ಳೆಯ ಮಾತಾಡಿದರೋ ಎಂದು ಮಗುವಿನ ಹಾಗೆ ಕಾಯುತ್ತಿದ್ದ. ಈ ಒಂದು ಮಾತು ಹೊರಬಿದ್ದರೆ ಅಪ್ಪ ಹಿಂದೆ ದಾಟಿಸಿದವೆಲ್ಲ ಸುಳ್ಳಾಗುತ್ತವೆ. ಪೆಟ್ಟು ಸಾಹೇಬರಿಗೆ ಬೀಳುವ ಮೊದಲು ಮಂಚದ ಮೇಲೆ ಮಲಗಿದವನಿಗೆ ಬೀಳುತ್ತದೆ. ಎದ್ದು ಸಮಜಾಯಿಷಿ ಕೊಡಲು ಅವನಿಂದ ಆಗುವುದಿಲ್ಲ.

"ಸಾಹೇಬರು ಕೇಳ್ಕೊಳ್ತಿದ್ದಾರೆ" ಅಂದಳು. "ಕುಲುಮೆ ಆರಿದ್ರೆ ಅಪ್ಪನ ಜೀವಕ್ಕೇ ನೆಮ್ಮದಿ ಇರಲ್ಲ ಅಂತಾರೆ. ಅರ್ಧ ಜನ ಹೊರಿ, ಅರ್ಧ ಜನ ಹೋಗಿ ಬೆಂಕಿ ನೋಡ್ಕೊಳ್ಳಿ ಅಂತ."

ಬೆಂಕಿಮಾವನಿಗೆ ಅಷ್ಟು ಸಿಹಿಯೂ ರುಚಿಸಲಿಲ್ಲ. "ಅರ್ಧ ಜನ ಹೊರೋಕೆ ನಮ್ಮಣ್ಣ ಅರ್ಧ ಮನುಷ್ಯನಾ? ಎಲ್ಲಾರೂ ಹೋಗ್ತೀವಿ. ಅಷ್ಟೊತ್ತು ಅವರೇ ಹೋಗಿ ಬೆಂಕಿ ಊದಲಿ ಅಂತ ಹೇಳು ತಾಯಿ."

ಅವಳು ಸಾಹೇಬರ ಕಡೆ ತಿರುಗಿದಳು. ಕುಲುಮೆ ಆರಗೊಡುವುದಿಲ್ಲವೆಂದು ಮಾತು ಕೊಡುತ್ತಿದ್ದಾರೆ, ಮಣ್ಣು ಮಾಡುವವರೆಗೆ ಮಾತ್ರ ಅಪ್ಪಣೆ ಬೇಡುತ್ತಿದ್ದಾರೆ ಎಂದು ಇಂಗ್ಲಿಷಿನಲ್ಲಿ ತಿಳಿಸಿದಳು. ಎಲ್ಲೂ ತಡವರಿಸಲಿಲ್ಲ. ಸಾಹೇಬರು ಗಡಿಯಾರ ನೋಡಿಕೊಂಡರು. ವಿನಯವಂತ ಜನ, ಮೊದಲಿನಿಂದಲೂ ಬಲ್ಲೆ ಎಂದು ಮೆಚ್ಚಿ ಒಪ್ಪಿದರು. ಬಂದದ್ದು ಆಯಿತು, ತಾವೂ ಬೀದಿಯ ಕೊನೆಯವರೆಗೆ ಬರುವುದಾಗಿ ಹೇಳಿದರು. ಹ್ಯಾಟು ಇಟ್ಟುಕೊಳ್ಳುತ್ತ, ಸೋಮವಾರದಿಂದ ಅಪ್ಪನ ಜಾಗದಲ್ಲಿ ನೀನು, ಮನೆ ನಿಮ್ಮದಾಗಿಯೇ ಇರುತ್ತದೆ ಎಂದು ಕಟ್ಟಪ್ಪಣೆ ಮಾಡಿ ಅಂಗಳಕ್ಕಿಳಿದರು.

"ಏನಂದ್ರು?" ಅಮ್ಮ ಅವಳ ಬೆನ್ನಿಗೇ ಬಂದು ನಿಂತಿದ್ದಳು.

"ಸೋಮವಾರದಿಂದ ಬರ್ತೀಯಾ ಅಂತ ಕೇಳ್ಕೊಂಡ್ರು."

"ನೀನೇನಂದೆ?"

ಅವಳು ಯಾವ ಭಾಷೆಯಲ್ಲೂ ಏನೂ ಅಂದಿರಲಿಲ್ಲ. "ಒಪ್ಕೊಂಡೆ" ಅಂದಳು.

ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು, ಬೆಳಗಿನಿಂದ ಬಾರದಿದ್ದ ಅಳುವನ್ನೆಲ್ಲ ಅತ್ತಳು.

ಪೆಟ್ಟಿಗೆ ಹೆಗಲೇರಿತು. ಅದರ ಹಿಂದೆ ಬೀದಿಯ ಒಂದು ಬದಿಗೆ ಸಾಹೇಬರು, ಇನ್ನೊಂದು ಬದಿಗೆ ಬೆಂಕಿಮಾವ. ನಡುವೆ ಒಬ್ಬರು ನಡೆಯುವಷ್ಟು ಜಾಗ ಖಾಲಿ ಬಿದ್ದಿತ್ತು. ಹಿಂದಿನಿಂದ ನೂಕಿಕೊಂಡು ಬರುತ್ತಿದ್ದವರೂ ಅಲ್ಲಿಗೆ ಕಾಲಿಡಲಿಲ್ಲ. ಮಗಳು ಅಮ್ಮನನ್ನು ಹಿಡಿದುಕೊಂಡು ಬಾಗಿಲಲ್ಲೇ ಉಳಿದಿದ್ದಳು. ಸಾಹೇಬರು ಏನೋ ಅಂದರು. ಬೆಂಕಿಮಾವನಿಗೆ ತಿಳಿಯಲಿಲ್ಲ. ಇಬ್ಬರೂ ನಡಿಗೆ ನಿಧಾನಿಸಿ, ಒಟ್ಟಿಗೇ ಹಿಂತಿರುಗಿ ಅವಳತ್ತ ನೋಡಿದರು.